ಪ್ರಥಮ ಚಿಕಿತ್ಸೆ: ಪೋಷಕರ ಸ್ವಯಂಕಲಿಕೆ

ಪುಸ್ತಕ, ವಿಡಿಯೊ ಪಾಠ, ಅಭ್ಯಾಸದ ಬೊಂಬೆಗಳ ನೆರವಿನಿಂದ ತಂದೆತಾಯಿ ತಮ್ಮ ಬಿಡುವಿನಲ್ಲೇ ಮಕ್ಕಳ ತುರ್ತು ಆರೈಕೆಯನ್ನು ರೂಢಿಸಿಕೊಳ್ಳುವ ವಿಧಾನ. ಆಸ್ಪತ್ರೆ ದೂರವಿರುವ ತೋಟಗಳಲ್ಲಿ ಇದರ ಅಗತ್ಯ ಹೆಚ್ಚು. ಕೊಡಗಿನ ಮಡಿಕೇರಿ–ಕುಶಾಲನಗರ ನಡುವಿನ ಸುಂಟಿಕೊಪ್ಪ ಸೀಮೆ ಅದಕ್ಕೆ ತಕ್ಕ ಉದಾಹರಣೆ.

ಇತಿಹಾಸ

ಓದಿ ತಿಳಿಯುವ ಆರೋಗ್ಯಶಿಕ್ಷಣ ಕನ್ನಡಕ್ಕೆ ಹೊಸದಲ್ಲ. ವೈದ್ಯೆ, ಕಾದಂಬರಿಗಾರ್ತಿ ಅನುಪಮಾ ನಿರಂಜನ (1934–1991) ಅವರ ‘ತಾಯಿ-ಮಗು’ ಈ ಪರಂಪರೆಯ ಮುಖ್ಯ ಕೃತಿ. ಆದರೆ ಉಸಿರು ನಿಂತ ಮಗುವಿನ ಎದೆ ಒತ್ತುವುದು ಓದಿನಿಂದಷ್ಟೇ ಕೈಗೆ ಹತ್ತುವ ವಿದ್ಯೆಯಲ್ಲ. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎದೆ ತೆರೆಯದೆ ಹೃದಯ ಒತ್ತುವ ಕ್ರಮವನ್ನು ಪ್ರಕಟಿಸಿದರು. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಅಭ್ಯಾಸದ ಬೊಂಬೆಯನ್ನು ಹೊರತಂದರು. ಆದರೂ ಕಲಿಕೆ ಬಹುಕಾಲ ಶಿಕ್ಷಕರ ಎದುರಿಗೇ ನಡೆಯಿತು. 1997ರಲ್ಲಿ ಸಂಶೋಧಕ ಬ್ರಾಸ್ಲೋ ಮತ್ತು ಸಂಗಡಿಗರು ಶಿಕ್ಷಕರಿಲ್ಲದ ಸಿಪಿಆರ್ (ಎದೆ ಒತ್ತಿ, ಉಸಿರೂದಿ ಜೀವ ಉಳಿಸುವ ಕ್ರಮ) ಪಾಠವನ್ನು ಪರೀಕ್ಷಿಸಿದರು: ಕಲಿಯುವವರು ವಿಡಿಯೊ ನೋಡುತ್ತಲೇ ಬೊಂಬೆಯ ಎದೆ ಒತ್ತಬೇಕಿತ್ತು. ತರಗತಿಯಲ್ಲಿ ಕಲಿತವರಿಗಿಂತ ಅವರ ಕೌಶಲ ಕಡಿಮೆಯಿರಲಿಲ್ಲ. ನೋಡುವುದೂ ಮಾಡುವುದೂ ಒಟ್ಟಿಗೇ ನಡೆಯಬೇಕೆಂಬ ಈ ಸೂತ್ರವೇ ಇಂದಿನ ಸ್ವಯಂಕಲಿಕೆಯ ತಿರುಳು ಎನ್ನಬಹುದು.

ಪಾಠದ ವಿಷಯ

ವರ್ಷ ತುಂಬದ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿ, ಅಳಲೂ ಕೆಮ್ಮಲೂ ಆಗದಿದ್ದರೆ ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ 5 ಸಲ ತಟ್ಟಬೇಕು. ಹೊರಳಿಸಿ, ಎದೆಯ ನಡುವೆ 5 ಸಲ ಒತ್ತಬೇಕು. ಕಾಣದ ವಸ್ತುವಿಗೆ ಬೆರಳು ಹಾಕಬಾರದು. ಸಿಪಿಆರ್‌ನಲ್ಲಿ ಎದೆ ಒತ್ತುವ ವೇಗ ನಿಮಿಷಕ್ಕೆ 100–120. ಆಳ ಕೂಸಿಗೆ ಸುಮಾರು 4 ಸೆಂ.ಮೀ. ಇದನ್ನು ಬೊಂಬೆಯ ಮೇಲಷ್ಟೇ ಅಭ್ಯಾಸ ಮಾಡಬೇಕು, ಮಗುವಿನ ಮೇಲೆ ಎಂದೂ ಅಲ್ಲ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಬೇಕು.

ಕೊಡಗಿನ ಸಂದರ್ಭ

ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಹಾವಿನ ಕಡಿತದ ಪಾಠ ಮೊದಲು ಬರಬೇಕು. ಭಾರತದಲ್ಲಿ ಬಳಕೆಯಲ್ಲಿರುವ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಾದದ್ದು, ಪಶ್ಚಿಮಘಟ್ಟದ ಗುಳಿಮಂಡಲಗಳಿಗಲ್ಲ. ಆದ್ದರಿಂದ ಯಾವ ಹಾವೆಂದು ತಿಳಿದರೆ ನೆರವಾಗುತ್ತದೆ; ಆದರೂ ಅದನ್ನು ಹುಡುಕುತ್ತ ಹೊತ್ತು ಕಳೆಯದೆ, ದೂರದಿಂದ ಫೋಟೊ ಸಿಕ್ಕರೆ ಮಾತ್ರ ತೆಗೆದು ವೈದ್ಯರಿಗೆ ತೋರಿಸುವುದು ಒಳಿತು. ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕಡಿತವಾದ ಅಂಗ ಅಲುಗದಂತೆ ಇರಿಸಿ, 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಅಪಾಯ. 108 ಸೇವೆ ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು. 2024ರಲ್ಲಿ ರಾಜ್ಯ ಸರ್ಕಾರ ಹಾವಿನ ಕಡಿತದ ವರದಿಯನ್ನು ಕಡ್ಡಾಯಗೊಳಿಸಿತು. ತೋಟದಲ್ಲಿ ರಾಸಾಯನಿಕಗಳ ಅಪಾಯವೂ ಇದೆ: ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನೋ ಕೀಟನಾಶಕವನ್ನೋ ಮಗು ನುಂಗಿದರೆ ವಾಂತಿ ಮಾಡಿಸದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಮಿತಿ

ಕಲಿತ ಕೌಶಲ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಕೈಯ ತಪ್ಪನ್ನು ವಿಡಿಯೊ ತಿದ್ದಲಾರದು. ಕನ್ನಡದ ಜೊತೆಗೆ ಕೊಡವ, ಅರೆಭಾಷೆ, ತುಳು, ಮಲಯಾಳ, ತಮಿಳು ಮನೆಮಾತಾಗಿರುವ ಸೀಮೆಯಲ್ಲಿ ಒಂದೇ ಭಾಷೆಯ ಪಾಠ ಸಾಲದು. ಮನೆಯ ಕಲಿಕೆಯನ್ನು ತರಬೇತಿ ಪಡೆದವರೊಬ್ಬರು ಒಮ್ಮೆಯಾದರೂ ಪರೀಕ್ಷಿಸಬೇಕು. ಮುಂಗಾರಿಗೆ ಮೊದಲು ಮತ್ತು ಕಾಫಿ ಕೊಯ್ಲಿಗೆ ಮೊದಲು, ವರ್ಷಕ್ಕೆ ಎರಡು ಸಲ ಪುನರಭ್ಯಾಸ ಮಾಡುವುದು ತೋಟದ ಬದುಕಿಗೆ ಹೊಂದುತ್ತದೆ.