ಕಮಾನುಗಳ ಕೆಳಗಿನ ರೋಮ್

ರೋಮ್ ನೋಡಲು ಹೋದವರು ಕೊಲೋಸಿಯಂ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಸಾಮ್ರಾಟರ ಹೆಸರು ಬಾಯಿಪಾಠ ಮಾಡಿಕೊಂಡು ವಾಪಸಾಗುತ್ತಾರೆ. ನಾವು ಇಳಿದದ್ದು ನಗರದಾಚೆಯ ಚಿನೆಚಿತ್ತಾ ಬಡಾವಣೆಯ ಒಂದು ಸಾದಾ ಹೋಟೆಲಿನಲ್ಲಿ. ನಡುಪೇಟೆಯ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಊರಾಚೆ ಇರುವುದು ನಮ್ಮವರಿಗೆ ಹೊಸದೂ ಅಲ್ಲ ಬಿಡಿ. ಬಾಡಿಗೆ ಸೈಕಲ್ಲು ತುಳಿದರೆ ಆ ಕಡೆಯಲ್ಲೇ ಒಂದು ಹಳೆಯ ರಸ್ತೆ, ಒಂದು ಹಳೆಯ ನೀರಿನ ಕಾಲುವೆ ಸಿಗುತ್ತವೆ. ಸಾಮ್ರಾಜ್ಯ ನಿಂತದ್ದು ಇಂಥವುಗಳ ಮೇಲೆ.

ರಸ್ತೆಯ ಹೆಸರು ಅಪ್ಪಿಯಾ. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಕಾಪುವಾ ನಗರದವರೆಗೆ ಮಾಡಿಸಿದ್ದು, ದಂಡು ಸಾಗಿಸುವುದಕ್ಕೆ. 2024ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ದೊಡ್ಡ ಕಪ್ಪು ಚಪ್ಪಡಿಗಳು, ಅವುಗಳ ಮೇಲೆ ಗಾಡಿ ಚಕ್ರದ ಜಾಡು. ಸೈಕಲ್ಲು ಎತ್ತಿ ಕುಕ್ಕಿ ಮೈಯೆಲ್ಲ ನುಗ್ಗಾಗುತ್ತದೆ.

ಕ್ರಿ.ಪೂ. 73ರಲ್ಲಿ ಈ ಕಾಪುವಾದ ಕಾಳಗದ ಗರಡಿಯಿಂದ ಎಪ್ಪತ್ತು ಚಿಲ್ಲರೆ ಗುಲಾಮರು ಅಡುಗೆಮನೆಯ ಕತ್ತಿ, ಕಬ್ಬಿಣದ ಸಲಾಕೆ ಹಿಡಿದು ತಪ್ಪಿಸಿಕೊಂಡರು. ಮುಂದಾಳು ಸ್ಪಾರ್ಟಕಸ್. ಹೊಲಗದ್ದೆಯ ಗುಲಾಮರು, ದನಗಾಹಿಗಳು ಬಂದು ಕೂಡಿಕೊಂಡರು. ಎರಡು ವರ್ಷ ರೋಮಿನ ದಂಡುಗಳನ್ನು ಒಂದಾದ ಮೇಲೊಂದು ಸೋಲಿಸಿದರು. ಕ್ರಿ.ಪೂ. 71ರಲ್ಲಿ ರೋಮಿನ ಮಹಾ ಶ್ರೀಮಂತ ಕ್ರಾಸಸ್ ಅವರನ್ನು ಮುರಿದ. ಸೆರೆಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದ ಅಂತ ಅಪ್ಪಿಯನ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ದಾರಿ ಸುಮಾರು 200 ಕಿಲೋಮೀಟರ್. ಲೆಕ್ಕ ಹಾಕಿ ನೋಡಿ: ಮೂವತ್ತು ಚಿಲ್ಲರೆ ಮೀಟರಿಗೆ ಒಬ್ಬ. ನಿಧಾನಕ್ಕೆ ಸೈಕಲ್ಲು ತುಳಿಯುವವನಿಗೆ ಹತ್ತು ಸೆಕೆಂಡಿಗೊಂದು ಹೆಣ. ಇಡೀ ದಿನ ತುಳಿದರೂ ಮುಗಿಯದು. ಆ ಆರು ಸಾವಿರದಲ್ಲಿ ಒಬ್ಬನ ಹೆಸರೂ ಉಳಿದಿಲ್ಲ.

ಹೆಸರು ಉಳಿದಿರುವುದು ಯಾರದ್ದು? ಇದೇ ರಸ್ತೆಯ ಮಗ್ಗುಲಲ್ಲಿ ಕೋಟೆಯ ಬುರುಜಿನಂಥ ದುಂಡು ಗೋರಿ ಇದೆ, ಅಡ್ಡಳತೆ ಸುಮಾರು 29 ಮೀಟರ್. ಸೆಸಿಲಿಯಾ ಮೆಟೆಲ್ಲಾಳದು. ಕ್ರೀಟ್ ದ್ವೀಪ ಗೆದ್ದವನ ಮಗಳು, ಕ್ರಾಸಸ್ ಮನೆತನದ ಸೊಸೆ ಎಂಬುದು ಕಲ್ಲಿನ ಮೇಲಿನ ಬರಹದಿಂದ ವಿದ್ವಾಂಸರು ಹೇಳುವ ಮಾತು. ಅವಳು ಏನು ಮಾಡಿದಳೋ ಆ ಬರಹದಲ್ಲಿಲ್ಲ, ಯಾರ ಮಗಳು ಯಾರ ಹೆಂಡತಿ ಅನ್ನೋದಷ್ಟೇ ಇದೆ. ಇನ್ನೂ ಮುಂದೆ ರಬೀರಿಯರ ಗೋರಿ. ಅದರಲ್ಲಿ ಹೆರ್ಮೊಡೋರಸ್ ಎಂಬ ಬಿಡುಗಡೆಯಾದ ಗುಲಾಮನ ಮುಖವಿದೆ. ಬಿಡುಗಡೆಯಾದ ಮೇಲೂ ಒಡೆಯನ ಮನೆತನದ ಹೆಸರು ಹೊತ್ತೇ ಸತ್ತ.

ಚಿನೆಚಿತ್ತಾ ಕಡೆ ಹೊರಳಿದರೆ ಬಯಲಿನಲ್ಲಿ ಕಮಾನುಗಳ ಸಾಲು. ಎತ್ತರದ್ದು ಕ್ಲಾಡಿಯಾ ಕಾಲುವೆ. ಕ್ರಿ.ಶ. 38ರಲ್ಲಿ ಶುರುವಾಗಿ 52ರಲ್ಲಿ ಮುಗಿದದ್ದು, ಉದ್ದ ಸುಮಾರು 69 ಕಿಲೋಮೀಟರ್. ಕ್ರಿ.ಶ. 97ರಲ್ಲಿ ರೋಮಿನ ನೀರಿನ ಅಧಿಕಾರಿಯಾದ ಫ್ರಾಂಟಿನಸ್ ಎಂಬವನು ಈ ಕಾಲುವೆಗಳ ಬಗ್ಗೆ ಪುಸ್ತಕವನ್ನೇ ಬರೆದ. ಈಜಿಪ್ಟಿನ ಪಿರಮಿಡ್ಡುಗಳು ದಂಡಕ್ಕೆ ನಿಂತಿವೆ, ನಮ್ಮ ಕಾಲುವೆಗಳನ್ನು ನೋಡಿ ಅಂತ ಜಂಬ ಕೊಚ್ಚಿದ. ಪುಣ್ಯಕ್ಕೆ ಲೆಕ್ಕವನ್ನೂ ಬರೆದಿಟ್ಟ: ಕಾಲುವೆ ಕಾಯಲು 700 ಗುಲಾಮರು. 240 ಜನ ಅಗ್ರಿಪ್ಪನ ಸ್ವಂತ ಆಸ್ತಿ. ಸಾಯುವಾಗ ಹೊಲ ಮನೆ ಬರೆದಿಟ್ಟಂತೆ ಅವರನ್ನು ಅಗಸ್ಟಸ್ ದೊರೆಗೆ ಬರೆದಿಟ್ಟ, ದೊರೆ ಸರ್ಕಾರಕ್ಕೆ ಕೊಟ್ಟ. ಉಳಿದ 460 ಜನ ಕ್ಲಾಡಿಯಸ್ ಸೇರಿಸಿದವರು. ಕಲ್ಲು ಕೂರಿಸುವವರು, ಗಾರೆಯವರು, ತೊಟ್ಟಿ ಕಾಯುವವರು.

ಪಕ್ಕದಲ್ಲೇ ಫೆಲಿಚೆ ಕಾಲುವೆ. 1587ರಲ್ಲಿ ಐದನೇ ಸಿಕ್ಸ್ಟಸ್ ಎಂಬ ಪೋಪ್ ಹಳೆಯ ಕಾಲುವೆಯ ಕಲ್ಲುಗಳನ್ನೇ ಬಳಸಿ ಕಟ್ಟಿಸಿದ್ದು. ಎರಡನೇ ಮಹಾಯುದ್ಧದ ನಂತರ ದಕ್ಷಿಣ ಇಟಲಿಯಿಂದ ಕೂಲಿ ಹುಡುಕಿ ಬಂದ ಬಡವರು ಇದರ ಕಮಾನುಗಳಿಗೆ ಆತು ಗುಡಿಸಲು ಹಾಕಿಕೊಂಡರು. ನೀರು ಹರಿಯುವ ಕಾಲುವೆಯ ಬುಡದಲ್ಲಿ ಬದುಕು, ಮನೆಯೊಳಗೆ ನಲ್ಲಿ ಇಲ್ಲ, ಕಕ್ಕಸಿಲ್ಲ. ಅವರ ಮಕ್ಕಳನ್ನು ಸರ್ಕಾರಿ ಶಾಲೆಯಲ್ಲಿ ದಡ್ಡರೆಂದು ಬೇರೆ ತರಗತಿಯಲ್ಲಿ ಕೂರಿಸುತ್ತಿದ್ದರು. 1968ರಲ್ಲಿ ರಾಬರ್ಟೊ ಸರ್ದೆಲ್ಲಿ ಎಂಬ ಪಾದ್ರಿ ಅಲ್ಲೇ ಒಂದು ಗುಡಿಸಲಿನಲ್ಲಿ ಶಾಲೆ ತೆರೆದ. ಗುಡಿಸಲಿನ ನಂಬರೇ ಶಾಲೆಯ ಹೆಸರು: 725. ಮೇಷ್ಟರುಗಳು ಇದನ್ನು ಗಮನಿಸಬೇಕು. ಅಲ್ಲಿ ಪತ್ರಿಕೆಯೂ ಪಾಠವೇ, ತಮ್ಮ ಗುಡಿಸಲ ಬದುಕೂ ಪಾಠವೇ. ದಡ್ಡರೆನಿಸಿಕೊಂಡ ಆ ಮಕ್ಕಳು ಒಟ್ಟಿಗೆ ಕೂತು ನಗರದ ಮೇಯರನಿಗೆ ಕಾಗದ ಬರೆದರು. ತಾವು ಹೇಗೆ ಬದುಕುತ್ತಿದ್ದೇವೆ, ಯಾಕೆ ಹೀಗೆ ಬದುಕುತ್ತಿದ್ದೇವೆ ಅಂತ.

1973ರಲ್ಲಿ ಗುಡಿಸಲುಗಳನ್ನು ಕೆಡವಿ ಜನರನ್ನು ಸಮುದ್ರದ ಕಡೆ, ಓಸ್ತಿಯಾಕ್ಕೆ ಸಾಗಿಸಿದರು. ಇದೇ ಕಾಲುವೆ ನಗರದತ್ತ ಸಾಗುವ ಮಾಂದ್ರಿಯೋನೆ ಬೀದಿಯಲ್ಲೂ ಕಮಾನುಗಳ ಕೆಳಗೆ ಇಂಥವೇ ಮನೆಗಳಿದ್ದವು. ಸೈಕಲ್ಲು ಇಳಿದು ಹತ್ತಿರ ಹೋಗಿ ನೋಡಿದರೆ ಕಲ್ಲಿನ ಒಳಮೈಯಲ್ಲಿ ಯಾರೋ ಮನೆಗೆ ಬಳಿದಿದ್ದ ಸುಣ್ಣ ಇನ್ನೂ ಅಂಟಿಕೊಂಡಿದೆ.