ಬೀಡಿ ಕಟ್ಟಿದ ಉಮ್ಮಂದಿರು ಮತ್ತು 1966ರ ಕಾಯ್ದೆ

ಮನೆಯಲ್ಲಿ ಕೂತು ಬೀಡಿ ಕಟ್ಟುವ ನಮ್ಮ ಉಮ್ಮಂದಿರನ್ನು ಕಾನೂನು ಕಾರ್ಮಿಕರೆಂದು ಒಪ್ಪಿದ್ದು 1966ರಲ್ಲಿ. ಆಗ ನಮ್ಮ ಶಿರಿಯ ಕಣ್ಣೂರು ಜಿಲ್ಲೆಗೆ ಸೇರಿತ್ತು. ಆ ವರ್ಷದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಕಟ್ಟುವವರನ್ನೂ ನೌಕರರೆಂದು ಎಣಿಸಿತು. ಕೊಟ್ಟ ಎಲೆಯ ಬಗ್ಗೆ, ಬೇಡವೆಂದು ತೆಗೆದುಹಾಕಿದ ಬೀಡಿಯ ಬಗ್ಗೆ ತಕರಾರಿದ್ದರೆ ತೀರ್ಮಾನಿಸುವ ವ್ಯವಸ್ಥೆಯೂ ಅದರಲ್ಲಿತ್ತು. ಉಮ್ಮ ಬ್ರಾಂಚಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದದ್ದನ್ನು ನೋಡಿದವರಿಗೆ ಇದೆಷ್ಟು ದೊಡ್ಡ ವಿಷಯವೆಂದು ಗೊತ್ತು.

ಇಂಥ ದುಡಿಮೆಯನ್ನು ಲೆಕ್ಕದಿಂದ ಹೊರಗಿಟ್ಟವರು ನಮ್ಮವರು ಮಾತ್ರವಲ್ಲ. ಅಮೆರಿಕದ 1938ರ ಕನಿಷ್ಠ ಕೂಲಿ ಕಾನೂನು ಹೊಲದಾಳುಗಳನ್ನೂ ಮನೆಗೆಲಸದವರನ್ನೂ ಬಿಟ್ಟಿತ್ತು. ದಕ್ಷಿಣದ ಕಪ್ಪು ಜನರಲ್ಲಿ ಬಹಳ ಮಂದಿಗೆ ಇದ್ದದ್ದೇ ಆ ಕೆಲಸ. 1963ರ ವಾಷಿಂಗ್ಟನ್ ಜಾಥಾ ಎಂದರೆ ನಮಗೆ ಮಾರ್ಟಿನ್ ಲೂಥರ್ ಕಿಂಗರ ಭಾಷಣವಷ್ಟೇ ನೆನಪು. ಆದರೆ ಅದರ ಹೆಸರಲ್ಲಿ ‘ಸ್ವಾತಂತ್ರ್ಯ’ಕ್ಕಿಂತ ಮೊದಲು ‘ಉದ್ಯೋಗ’ ಇತ್ತು. ಹೊಲದಾಳುಗಳಲ್ಲಿ ಒಂದಷ್ಟು ಮಂದಿ ಕಾನೂನಿನೊಳಗೆ ಬಂದದ್ದೂ 1966ರಲ್ಲೇ. ಮನೆಗೆಲಸದವರು 1974ರವರೆಗೆ ಕಾಯಬೇಕಾಯಿತು.

ನಮ್ಮಲ್ಲೂ ಸುಲಭವಾಗಲಿಲ್ಲ. 1968ರಲ್ಲಿ ಕೇರಳ ಸರಕಾರ ಕಾಯ್ದೆ ಜಾರಿಗೆ ತಂದಾಗ ಮಂಗಳೂರು ಗಣೇಶ್ ಬೀಡಿಯವರು ಇಲ್ಲಿನ ಶೆಡ್ಡುಗಳನ್ನು ಮುಚ್ಚಿದರು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಮರುವರ್ಷ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು ಅದರಿಂದಲೇ. ಕಾಯ್ದೆ ಸರಿಯೆಂದು ಸುಪ್ರೀಂ ಕೋರ್ಟು ಹೇಳಿದ್ದು 1974ರಲ್ಲಿ. ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕೆಂದದ್ದು 1985ರಲ್ಲಿ. ಬೇರೆಯವರ ಹೆಸರಿನ ಪುಸ್ತಕದಲ್ಲಿ ಬೀಡಿ ಕೊಟ್ಟ ಉಮ್ಮಂದಿರಿಗೆ ಅದೂ ದಕ್ಕಲಿಲ್ಲ.