ಜಮಖಂಡಿಯಲ್ಲಿ ಕಂಡ ಬೂದಿ

ದಾವಣಗೆರೆಯಲ್ಲಿ ಬಿಇ ಓದುವಾಗ ಮಂಡಕ್ಕಿ ಭಟ್ಟಿಗಳ ಕಡೆ ಗೆಳೆಯನೊಬ್ಬನ ಮನೆಯಿತ್ತು. ಉರಿಯೋ ಭಟ್ಟಿಯೊಳಗೆ ಬಗ್ಗಿ ನೋಡೋಕಾಗಲ್ಲ, ಮುಖ ಸುಟ್ಟುಹೋಗುತ್ತೆ. ಆದರೆ ಹೊರಗೆ ಸುರಿದ ಬೂದಿ ನೋಡಿ, ಉರಿದದ್ದು ಹೊಟ್ಟೋ ಕಟ್ಟಿಗೆಯೋ ಅಂತ ಅವರಪ್ಪ ಹೇಳಿಬಿಡೋರು. ಸೂರ್ಯನ ವಿಷಯದಲ್ಲೂ ಮನುಷ್ಯರ ಕಣ್ಣಿಗೆ ಮೊದಲು ಬಿದ್ದದ್ದು ಬೂದಿಯೇ. ಬಿದ್ದ ಜಾಗಗಳಲ್ಲಿ ಒಂದು ನಮ್ಮ ಜಮಖಂಡಿ.

1868ರ ಆಗಸ್ಟ್ 18. ಖಗ್ರಾಸ ಸೂರ್ಯಗ್ರಹಣದ ನೆರಳು ಬಿಜಾಪುರ, ಜಮಖಂಡಿ ಸೀಮೆ ದಾಟಿ ಗುಂಟೂರಿನ ಕಡೆ ಹೋಯಿತು. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ದೂರದರ್ಶಕ, ರೋಹಿತದರ್ಶಕ ಹೂಡಿಕೊಂಡು ಕಾಯುತ್ತಿದ್ದವನು ಸರ್ವೆ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. (ಸೂರ್ಯನಲ್ಲಿ ಜೀವಿಗಳು ವಾಸ ಮಾಡ್ತಾವೆ ಅಂತ ಆ ತಾತ ಗಂಭೀರವಾಗೇ ನಂಬಿದ್ದ!) ಸಿಗೋದು ಐದು ನಿಮಿಷ ಚಿಲ್ಲರೆ, ಅದರಲ್ಲಿ ಮೋಡದ ಕಾಟ ಬೇರೆ. ಮೋಡ ಸರಿದ ಸಂದಿಯಲ್ಲಿ, ಚಂದ್ರನ ಅಂಚಿನಾಚೆ ಚಾಚಿದ್ದ ಸೂರ್ಯನ ಜ್ವಾಲೆಗೆ ಉಪಕರಣ ಹಿಡಿದ. ಕಾಮನಬಿಲ್ಲಿನ ಹಾಗೆ ಬಣ್ಣ ಹರಡಿಕೊಳ್ಳಲಿಲ್ಲ. ಮೂರೇ ಗೆರೆ: ಕೆಂಪು, ಕಿತ್ತಳೆ, ನೀಲಿ.

ಅಂದ್ರೆ ಅದು ಕಾದ ಅನಿಲ. ಒಂದೊಂದು ಧಾತುವಿಗೂ ಅದರದೇ ಗೆರೆಗಳು, ಬೆರಳಚ್ಚಿನ ಹಾಗೆ. ಕೆಂಪು, ನೀಲಿ ಹೈಡ್ರೋಜನ್‌ನವು. ಕಿತ್ತಳೆಯದನ್ನು ಹರ್ಷೆಲ್ ಸೋಡಿಯಂ ಅಂದುಕೊಂಡ. ಸೋಡಿಯಂ ಗೆರೆ ಇರೋದು 589 ನ್ಯಾನೋಮೀಟರ್ ಹತ್ತಿರ, ಇದು 587.6. ಮೋಡದ ನಡುವೆ ಅಷ್ಟು ಸಣ್ಣ ವ್ಯತ್ಯಾಸ ತಪ್ಪಿಹೋಗಿದ್ದಕ್ಕೆ ಅವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವೇ ಇಲ್ಲದೆ ಆ ಗೆರೆ ಹಿಡಿದ. ಭೂಮಿಯ ಮೇಲೆ ಯಾರೂ ಕಾಣದ ಆ ಧಾತುವಿಗೆ ಗ್ರೀಕರ ಸೂರ್ಯನ ಹೆಸರೇ ಬಂತು: ಹೀಲಿಯಂ. ಅದು ಇಲ್ಲಿ, ಒಂದು ಯುರೇನಿಯಂ ಖನಿಜದಲ್ಲಿ, ವಿಲಿಯಂ ರಾಮ್ಸೆಗೆ ಸಿಕ್ಕಿದ್ದು 1895ರಲ್ಲಿ.

ಬೂದಿ ಸಿಕ್ಕಿತು, ಅದು ಬೂದಿ ಅಂತ ಯಾರಿಗೂ ಗೊತ್ತಿರಲಿಲ್ಲ! ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಬಿಸಿಯಾಗ್ತಾನೆ ಅನ್ನೋದು ಆಗಿನ ಲೆಕ್ಕ. ಆ ಪ್ರಕಾರ ಅವನ ವಯಸ್ಸು ಬಹುಶಃ 10 ಕೋಟಿ ವರ್ಷದೊಳಗೆ ಅಂತ 1862ರಲ್ಲೇ ಕೆಲ್ವಿನ್ ಬರೆದಿದ್ದ. ನಮ್ಮ ಪಕ್ಕದ ಚಿತ್ರದುರ್ಗದ ಬಂಡೆಗಳಿಗೇ 250 ಕೋಟಿ ದಾಟಿದೆ. ಸೂರ್ಯನಿಗಿಂತ ಕೋಟೆಯ ಕಲ್ಲು ಹಳೇದಾಗೋಕೆ ಸಾಧ್ಯನಾ?

ಗಂಟು ಬಿಚ್ಚಿದ್ದು 1920ರಲ್ಲಿ. ನಾಲ್ಕು ಹೈಡ್ರೋಜನ್ ಪರಮಾಣುಗಳ ತೂಕ ಒಂದು ಹೀಲಿಯಂಗಿಂತ ತುಸು ಜಾಸ್ತಿ ಅಂತ ಆಸ್ಟನ್ ಅಳೆದಿದ್ದ. ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಕಳೆದುಹೋಗುವ ಆ ತೂಕವೇ ಬಿಸಿಲಾಗಿ ಬರ್ತಿರಬಹುದು ಅಂದ ಎಡಿಂಗ್ಟನ್. ಒಂದು ಕಿಲೋ ಹೈಡ್ರೋಜನ್‌ಗೆ ಮಾಯವಾಗೋದು ಸುಮಾರು 7 ಗ್ರಾಂ, ಅಷ್ಟೇ. ಬೆಸುಗೆಯ ಹಂತಗಳನ್ನು ಬೇಥೆ 1939ರ ಹೊತ್ತಿಗೆ ಬಿಡಿಸಿಟ್ಟ.

ಹಾಗಂತ ಕೆಲ್ವಿನ್ ಹೇಳಿದ ಕುಗ್ಗುವಿಕೆ ಸುಳ್ಳಲ್ಲ. ಒಲೆ ಹೊತ್ತಿಸೋದು ಅದೇ. ತಣ್ಣನೆಯ ಅನಿಲದ ಮೋಡ ತನ್ನ ಗುರುತ್ವಕ್ಕೇ ಕುಸಿಯುತ್ತೆ, ನಡುಭಾಗ ಒತ್ತಿಕೊಂಡು ಕಾಯುತ್ತೆ. ಕೋಟಿ ಡಿಗ್ರಿಯ ಆಸುಪಾಸಿಗೆ ಬಂದಾಗ ಬೆಸುಗೆ ಶುರು. ಆ ಶಾಖದ ಒತ್ತಡ ಕುಸಿತವನ್ನು ತಡೆದು ನಿಲ್ಲಿಸುತ್ತೆ, ನಕ್ಷತ್ರ ಸಿದ್ಧ. ನಮ್ಮ ಸೂರ್ಯನ ಒಡಲಲ್ಲಿ ಈಗ ಸುಮಾರು ಒಂದೂವರೆ ಕೋಟಿ ಡಿಗ್ರಿ. ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಖರ್ಚು, ಅದರಲ್ಲಿ 40 ಲಕ್ಷ ಟನ್ ಶಕ್ತಿಯಾಗಿ ಹೊರಗೆ.

ಇಷ್ಟಾದರೂ ಅವನು ಬಾಂಬಿನ ಹಾಗೆ ಒಮ್ಮೆಲೇ ಸಿಡಿಯಲ್ಲ. ಎರಡು ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತವೆ, ಬೆಸೆಯೋದು ತೀರಾ ಅಪರೂಪ. ಒಂದು ಪ್ರೋಟಾನ್ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಸಂಖ್ಯೆ ಅಪಾರ ಇರೋದರಿಂದ ಭಟ್ಟಿ ನಡೀತಾ ಇದೆ. 460 ಕೋಟಿ ವರ್ಷ ಉರಿದಾಗಿದೆ, ಇನ್ನೂ ಸುಮಾರು 500 ಕೋಟಿಗೆ ಸೌದೆ ಇದೆ.